ಇಟ್ಟಿಗೆಯ ಆವಿಗೆಯೂ ಹೊಲದ ಅಗಳೂ

ಕರ್ನಾಟಕದ ಇತಿಹಾಸವನ್ನು ಬರೆದ ಪಂಡಿತರು ಬಹುತರವಾಗಿ ಕಲ್ಲನ್ನೂ ತಾಮ್ರಪಟವನ್ನೂ ಓದಿ ಬರೆದಿರುವರು. ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟನು ಈ ಪ್ರಾಂತದ ಶಿಲಾಶಾಸನಗಳ ಪ್ರತಿಗಳನ್ನು ನೂರಾರು ಸಂಖ್ಯೆಯಲ್ಲಿ ಸಂಗ್ರಹಿಸಿದನು. ಜಾನ್ ಫೇತ್‌ಫುಲ್ ಫ್ಲೀಟನು ಅವುಗಳ ವಿಚಾರವನ್ನು ಮುಂದುವರಿಸಿ, ೧೮೮೨ರಲ್ಲಿ ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ಚರಿತ್ರೆಯನ್ನು ಪ್ರಕಟಿಸಿದನು. ೧೯೩೯ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯು ಸ್ಥಾಪಿತವಾದ ಮೇಲೆ ಆರ್. ಎಸ್. ಪಂಚಮುಖಿಯವರು ಮೊದಲಾದ ವಿದ್ವಾಂಸರಿಂದ ಆ ಕಾರ್ಯವು ಸ್ವದೇಶೀಯರ ಕೈಯಲ್ಲಿಯೇ ಬೆಳೆಯಿತು. ಇವರೆಲ್ಲರ ಶ್ರಮದ ಫಲವಾಗಿ ಕದಂಬರೂ ಚಾಲುಕ್ಯರೂ ರಾಷ್ಟ್ರಕೂಟರೂ ವಾಚಕರಿಗೆ ಮನೆಯ ಹಿರಿಯರಷ್ಟು ಪರಿಚಿತರಾಗಿರುವರು.

ಆದರೆ ಶಿಲಾಶಾಸನಕ್ಕೆ ಒಂದು ಸ್ವಭಾವವುಂಟು. ಅದನ್ನು ಕೊರೆಯಿಸುವವನು ದಾನಿಯು. ಅದರಲ್ಲಿ ವರ್ಣಿತನಾಗುವವನು ಅರಸನು. ಅದು ಹೇಳುವ ಮಾತು ದಾನದ ಮಾತು. ದೇವಾಲಯಕ್ಕೆ ಬಿಟ್ಟ ಮತ್ತರು ಎಷ್ಟೆಂಬದು ಅದರಿಂದ ತಿಳಿಯುವದು. ಆ ಮತ್ತರನ್ನು ಉತ್ತವನ ಮನೆಯ ಗೋಡೆ ಯಾವದರದು, ಆ ಹೊಲದ ನೀರು ಯಾವ ಅಗಳಿನಿಂದ ಹರಿದು ಹೋಗುತ್ತಿತ್ತು, ಊರಿಗೆ ಇಟ್ಟಿಗೆ ಸುಡುವ ಆವಿಗೆಯು ಯಾವ ದಿಕ್ಕಿನಲ್ಲಿತ್ತು ಎಂಬದು ತಿಳಿಯುವದು ಅಪೂರ್ವ. ಈ ಸಂಗತಿಗಳನ್ನು ಬರೆದಿಟ್ಟ ಪುಸ್ತಕವು ಬೇರೊಂದುಂಟು, ಅದು ಮಣ್ಣು. ಹಾಳುಬಿದ್ದ ಇಟ್ಟಿಗೆಯ ಭಟ್ಟಿಯೊಂದು, ಅದರ ಬದಿಯ ಹೊಲಗಳಲ್ಲಿ ಹೂತುಹೋದ ಹಳೆಯ ಅಗಳು, ಇವೆರಡನ್ನು ಓದಬಲ್ಲವನಿಗೆ ಒಂದು ಹಳ್ಳಿಯ ಚರಿತ್ರೆಯು ಗೋಚರವಾಗುವದು. ಆದರೆ ಶಿಲಾಶಾಸನವನ್ನು ನಿಂತಲ್ಲಿಂದ ಕಿತ್ತು ತಂದರೂ ಅಕ್ಷರಗಳು ಅಳಿಯುವದಿಲ್ಲ. ಮಣ್ಣಿನ ಬರಹವಾದರೋ ಇದ್ದ ಸ್ಥಳದಿಂದ ಕದಲಿದ ಕ್ಷಣದಲ್ಲಿಯೇ ಅಳಿದುಹೋಗುವದು. ಈ ಭೇದವು ಅರಿವಾಗದಿದ್ದರಿಂದ ಆಗಿರುವ ಹಾನಿಯು ಅಲ್ಪವಾದದ್ದಲ್ಲ.

ಇಟ್ಟಿಗೆಯನ್ನು ಕೀಳುವಸ್ತುವೆಂದು ಎಣಿಸುವದಕ್ಕೆ ಶಾಸ್ತ್ರದ ಸಮ್ಮತಿಯಿಲ್ಲ. ಸಂಸ್ಕೃತದ ‘ಇಷ್ಟಕಾ’ ಎಂಬ ಶಬ್ದವು ಪ್ರಾಕೃತದ ಬಾಯಲ್ಲಿ ಮೆತ್ತಗಾಗಿ ಕನ್ನಡದಲ್ಲಿ ‘ಇಟ್ಟಿಗೆ’ಯಾಯಿತು; ಧಾರವಾಡ ಸೀಮೆಯ ಒಕ್ಕಲಿಗನು ಅದನ್ನೇ ‘ಇಟ್ಟಂಗಿ’ ಎನ್ನುವನು. ವೈದಿಕ ಕರ್ಮಗಳಲ್ಲಿ ಮಹತ್ತರವಾದ ಅಗ್ನಿಚಯನದ ಸಾಧನವೇ ಈ ಇಷ್ಟಕೆ. ಶ್ಯೇನಾಕಾರದ ಚಿತಿಯಲ್ಲಿ ಐದು ಪ್ರಸ್ತಾರಗಳು. ಒಂದೊಂದು ಪ್ರಸ್ತಾರಕ್ಕೆ ೨೦೦ರಂತೆ ಒಟ್ಟು ೧೦೦೦ ಇಷ್ಟಕೆಗಳು. ಪುರುಷಪ್ರಮಾಣದ ಐದನೆಯ ಒಂದು ಭಾಗದ, ಎಂದರೆ ೨೪ ಅಂಗುಲದ, ಚೌಕವಾದ ಇಷ್ಟಕೆಗೆ ‘ಪಂಚಮೀ’ ಎಂದು ಹೆಸರು. ಶತಪಥಬ್ರಾಹ್ಮಣವು ೧೦,೮೦೦ ಇಷ್ಟಕೆಗಳನ್ನು ಎಣಿಸಿ, ಸಂವತ್ಸರದ ೩೬೦ ದಿನಗಳಿಗೆ ದಿನವೊಂದಕ್ಕೆ ೩೦ ಮುಹೂರ್ತಗಳಂತೆ ಆಗುವ ಸಂಖ್ಯೆಯೊಡನೆ ಅವನ್ನು ಹೊಂದಿಸುವದು. ಕೆಳಗಿನ ಪ್ರಸ್ತಾರದ ಸಂದಿನ ಮೇಲೆ ಮೇಲಿನ ಪ್ರಸ್ತಾರದ ಸಂದು ಬರಬಾರದೆಂದು ಶುಲ್ಬಸೂತ್ರಕಾರರು ವಿಧಿಸಿರುವರು. ಇಂದಿಗೂ ಗೋಡೆಯಿಡುವ ಗೌಂಡಿಯು ಸೂತ್ರವನ್ನು ಓದದೆಯೇ ಅದೇ ನಿಯಮವನ್ನು ಪಾಲಿಸುವನು. ಯಜ್ಞಶಾಲೆಯ ವಿದ್ಯೆಯೂ ಗೌಂಡಿಯ ವಿದ್ಯೆಯೂ ಎಲ್ಲಿಯೋ ಒಂದೆಡೆಯಲ್ಲಿ ಕೂಡಿಯೇ ಇದ್ದಿರಬೇಕು.

ಇಟ್ಟಿಗೆಗೂ ಅಗಳಿಗೂ ಇರುವ ಸಂಬಂಧವನ್ನು ಕೌಟಿಲ್ಯನು ಸ್ಪಷ್ಟವಾಗಿ ತೋರಿಸಿರುವನು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯಿಂದ ಉದ್ಧರಿಸಿ ೧೯೦೯ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ದುರ್ಗವಿಧಾನವೆಂಬ ಪ್ರಕರಣವುಂಟು. ದುರ್ಗದ ಸುತ್ತಲೂ ೧೪, ೧೨ ಮತ್ತು ೧೦ ದಂಡಗಳ ಅಗಲದ ಮೂರು ಪರಿಖೆಗಳನ್ನು ತೋಡಬೇಕು. ಹಾಗೆ ತೋಡಿದ ಮಣ್ಣನ್ನೇ ಒಳಬದಿಗೆ ರಾಶಿಮಾಡಿ ಆನೆ ಎತ್ತುಗಳಿಂದ ತುಳಿಸಿ ಗಟ್ಟಿಗೊಳಿಸಿ ೬ ದಂಡಗಳ ಎತ್ತರದ ವಪ್ರವನ್ನು ಎಬ್ಬಿಸಬೇಕು. ಅದರ ಮೇಲೆ ಇಟ್ಟಿಗೆಯ ಪ್ರಾಕಾರವನ್ನು ಕಟ್ಟಬೇಕು ಎಂಬದು ಅವನ ವಿಧಾನ. ಅಮರಸಿಂಹನು ಪರಿಖೆಗೆ ‘ಖೇಯ’, ಎಂದರೆ ತೋಡಲ್ಪಡುವದು, ಎಂಬ ಹೆಸರನ್ನು ಕೊಟ್ಟಿರುವನು. ಕನ್ನಡದ ‘ಅಗಳು’ ಎಂಬ ಮಾತಿನಲ್ಲಿಯೂ ಅಗೆಯುವ ಅರ್ಥವೇ ಅಡಗಿದೆ. ಒಂದು ಕಡೆಗೆ ತಗ್ಗಾದದ್ದು ಇನ್ನೊಂದು ಕಡೆಗೆ ದಿಬ್ಬವಾಗುವದು. ಆದಕಾರಣ ಹಳೆಯ ಗೋಡೆಯನ್ನು ಕಂಡವನು ಅದರ ಮಣ್ಣು ಬಂದ ಗುಂಡಿಯು ಎಲ್ಲಿದೆಯೆಂದು ಹುಡುಕಬೇಕು. ಗುಂಡಿಯನ್ನು ಕಂಡವನು ಅದರ ಮಣ್ಣು ಎಲ್ಲಿಗೆ ಹೋಯಿತೆಂದು ಕೇಳಬೇಕು. ಭೂಶೋಧನದ ಮೊದಲ ಪಾಠವು ಇಷ್ಟೇ.

ಇನ್ನು ಆವಿಗೆಯ ಕೆಲಸವನ್ನು ನೋಡಬಹುದು. ಧಾರವಾಡದ ಮೂಡಲ ಭಾಗದ ಎರೆಭೂಮಿಯು ಜೋಳ ಹತ್ತಿಗಳಿಗೆ ತಾಯಿಯಾಗಿದ್ದರೂ ಇಟ್ಟಿಗೆಗೆ ಮಲತಾಯಿ. ಅದು ನೀರು ಕುಡಿದಾಗ ಉಬ್ಬುವದು, ಒಣಗಿದಾಗ ಬಿರಿಯುವದು. ಅದರಲ್ಲಿ ಬೆರೆತಿರುವ ಸುಣ್ಣದ ಹರಳುಗಳು ಬೆಂಕಿಯಲ್ಲಿ ಸುಟ್ಟು ಸುಣ್ಣವಾಗಿ, ಮಳೆಯ ಹನಿ ತಾಕಿದೊಡನೆ ಅರಳಿ ಇಟ್ಟಿಗೆಯನ್ನು ಸೀಳಿಬಿಡುವವು. ಆದದ್ದರಿಂದ ಇಟ್ಟಿಗೆ ಮಾಡುವವರು ಕೆಂಪುಮಣ್ಣನ್ನೋ ಕೆರೆಯ ಹೂಳನ್ನೋ ಹಳ್ಳದ ದಂಡೆಯ ಮೆಕ್ಕಲನ್ನೋ ಅರಸಿ ಹೋಗುವರು. ಮಣ್ಣನ್ನು ನೆನೆಯಿಟ್ಟು, ಹೊಟ್ಟನ್ನೋ ಬೂದಿಯನ್ನೋ ಕಲಸಿ, ತುಳಿದು ಹದಮಾಡಿ, ಕಟ್ಟಿಗೆಯ ಅಚ್ಚಿನಲ್ಲಿ ಬಡಿದು, ಬಿಸಿಲಿನಲ್ಲಿ ಒಣಗಿಸುವರು. ಒಣಗಿದ ಹಸಿ ಇಟ್ಟಿಗೆಗಳನ್ನು ಬೆಂಕಿಯ ಗೂಡುಗಳನ್ನು ಬಿಟ್ಟು ಒಟ್ಟಿ, ಹೊರಗೆ ಕೆಸರನ್ನು ಮೆತ್ತಿ, ದಿನಗಟ್ಟಲೆ ಸುಡುವರು. ಸುಮಾರು ೯೦೦ ಡಿಗ್ರಿ ಸೆಂಟಿಗ್ರೇಡಿನ ಕಾವು ತಗಲಿದಾಗ ಮಣ್ಣು ತನ್ನ ಪೂರ್ವಾಶ್ರಮವನ್ನು ಬಿಟ್ಟು ಇನ್ನೆಂದೂ ಕೆಸರಾಗದ ಸ್ಥಿತಿಯನ್ನು ಹೊಂದುವದು. ಗಾಳಿಯು ಚೆನ್ನಾಗಿ ಆಡಿದಲ್ಲಿ ಮಣ್ಣಿನೊಳಗಿನ ಕಬ್ಬಿಣದ ಅಂಶವು ಕೆಂಪಾಗುವದು. ಗಾಳಿಯು ಸಾಲದಲ್ಲಿ ಕರಿದಾಗುವದು. ಕಾವು ಮೀರಿದಲ್ಲಿ ಇಟ್ಟಿಗೆಗಳು ಕರಗಿ ಒಂದಕ್ಕೊಂದು ಅಂಟಿ ಗಾಜಿನ ಮುದ್ದೆಗಳಾಗುವವು.

ಆವಿಗೆಯು ತಣ್ಣಗಾಗಿ ನೂರಾರು ವರ್ಷಗಳು ಕಳೆದ ಮೇಲೆ ಉಳಿಯುವದೇನು? ಒಳ್ಳೆಯ ಇಟ್ಟಿಗೆಗಳು ಊರ ಗೋಡೆಗಳಲ್ಲಿ ಸೇರಿಹೋಗಿರುವವು. ಆವಿಗೆಯ ಸ್ಥಳದಲ್ಲಿ ಉಳಿಯತಕ್ಕವು ಕೆಟ್ಟವೇ: ಸೊಟ್ಟಗಾದವು, ಅರೆಬೆಂದವು, ಕರಗಿ ಮುದ್ದೆಯಾದವು. ಅವುಗಳ ಕೆಳಗೆ ಕಾವಿಗೆ ಕೆಂಪಾದ ನೆಲ, ಬೂದಿಯ ಪದರ, ಇದ್ದಲಿನ ಚೂರು. ಬದಿಗೆ ಮಣ್ಣು ತೆಗೆದ ಗುಂಡಿ. ಲೋಕವು ಎಸೆದುಹೋದ ಈ ಕಸವೇ ಶೋಧಕನಿಗೆ ಸಾಕ್ಷಿ. ಇಟ್ಟಿಗೆಯ ಮೈಯಲ್ಲಿ ಅಚ್ಚೊತ್ತಿದ ಹೊಟ್ಟಿನ ಗುರುತಿನಿಂದ ಆ ಕಾಲದಲ್ಲಿ ಬೆಳೆದ ಧಾನ್ಯವು ತಿಳಿಯಬಲ್ಲದು. ಇದ್ದಲಿನೊಳಗಿನ ಇಂಗಾಲವನ್ನು ಅಳೆದು ಸೌದೆಯ ಕಾಲವನ್ನು ಗೊತ್ತುಮಾಡಬಹುದು. ಕಾದು ಆರಿದ ಮಣ್ಣು ಆರುವ ಕಾಲದ ಭೂಕಾಂತದ ದಿಕ್ಕನ್ನು ತನ್ನೊಳಗೆ ಹಿಡಿದಿಡುವದರಿಂದ, ಅಲುಗದೆ ಉಳಿದ ಆವಿಗೆಯ ತಳವು ತಾನು ಕೊನೆಗೆ ಉರಿದ ಕಾಲವನ್ನು ಸೂಚಿಸಬಲ್ಲದು. ‘ಅಲುಗದೆ ಉಳಿದ’ ಎಂಬ ವಿಶೇಷಣವು ಇಲ್ಲಿ ಮುಖ್ಯವಾದದ್ದು. ತಳವನ್ನು ಒಂದು ಸಲ ಸಲಿಕೆಯಿಂದ ಮಗುಚಿದರೆ ಆ ದಿಕ್ಕಿನ ಮಾತು ಮುಗಿಯಿತು.

ಅಗಳಿನ ಓದು ಬೇರೊಂದು ಬಗೆಯದು. ತೋಡಿದ ಅಗಳು ತೋಡಿದಂತೆ ಉಳಿಯುವದಿಲ್ಲ. ಮೊದಲನೆಯ ಮಳೆಗಾಲದಲ್ಲಿಯೇ ದಂಡೆಯ ಮಣ್ಣು ಜರಿದು ತಳದಲ್ಲಿ ಕೂಡುವದು. ಅದರ ಮೇಲೆ ನಿಂತ ನೀರಿನ ನುಣ್ಣನೆಯ ಹೂಳು. ಅದರ ಮೇಲೆ ಊರ ತಿಪ್ಪೆಯ ಬೂದಿ, ಮಡಕೆಯ ಚೂರು, ಎಲುಬು. ಕಟ್ಟಕಡೆಗೆ ನೇಗಿಲ ಮಣ್ಣು ಬಂದು ಅಗಳು ನೆಲದೊಡನೆ ಸಮವಾಗುವದು. ಮೇಲಿನಿಂದ ನೋಡಿದವನಿಗೆ ಹೊಲವೊಂದೇ ಕಾಣುವದು. ಆದರೆ ಹೂತ ಅಗಳಿನ ಮೇಲೆ ತೇವವು ಹೆಚ್ಚು ಕಾಲ ನಿಲ್ಲುವದರಿಂದ ಪೈರು ಅಲ್ಲಿ ಒಂದು ಪಟ್ಟಿಯಾಗಿ ಹೆಚ್ಚು ಹಸುರಾಗಿರುವದು. ಅಡ್ಡಲಾಗಿ ಒಂದು ಕಡಿತವನ್ನು ತೆಗೆದು ಅದರ ಮೋರೆಯನ್ನು ಹೆರೆದು ನೋಡಿದರೆ ಬಣ್ಣಬಣ್ಣದ ಪದರಗಳು ಹಾಳೆಗಳಂತೆ ತೋರುವವು. ಕೆಳಗಿನದು ಹಳೆಯದು, ಮೇಲಿನದು ಹೊಸದು. ಅಗಳು ಆವಿಗೆಯ ಗುಂಡಿಯನ್ನು ಕೊಯ್ದು ಹೋಗಿದ್ದರೆ ಅಗಳು ಹೊಸದು. ಗುಂಡಿಯು ಅಗಳನ್ನು ನುಂಗಿದ್ದರೆ ಗುಂಡಿಯು ಹೊಸದು. ವ್ಯಾಕರಣದಲ್ಲಿ ಪೂರ್ವಪರಗಳನ್ನು ನೋಡಿ ಕಾರ್ಯವನ್ನು ನಿರ್ಣಯಿಸುವಂತೆ ಇಲ್ಲಿ ಪದರಗಳ ಪೂರ್ವಾಪರದಿಂದ ಕಾಲವು ನಿರ್ಣಯವಾಗುವದು.

ಈ ಪದ್ಧತಿಯು ಕನ್ನಡನಾಡಿನಲ್ಲಿ ಶಾಸ್ತ್ರೀಯವಾಗಿ ನೆಲೆಗೊಂಡದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ಅಲ್ಲಿಯ ಚಂದ್ರವಳ್ಳಿಯಲ್ಲಿ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಮೊದಲು ಅಗೆಯಿಸಿದರು. ೧೯೪೭ರಲ್ಲಿ ಮಾರ್ಟಿಮರ್ ವೀಲರನು ಚಂದ್ರವಳ್ಳಿಯನ್ನೂ ಅಶೋಕನ ಶಾಸನಗಳಿಂದ ಪ್ರಸಿದ್ಧವಾದ ಬ್ರಹ್ಮಗಿರಿಯನ್ನೂ ಪದರಪದರವಾಗಿ ಶೋಧಿಸಿದನು. ಅಗೆಯುವ ಚೌಕಗಳ ನಡುವೆ ಮಣ್ಣಿನ ಗೋಡೆಗಳನ್ನು ಅಗೆಯದೆ ಬಿಟ್ಟು, ಅವುಗಳ ಮೋರೆಯಲ್ಲಿ ಪದರಗಳನ್ನು ಓದುವದು ಅವನ ಕ್ರಮ. ವಿಚಾರ ಮಾಡಿದರೆ ಇದು ಕೇವಲ ಪರದೇಶದ ವಿದ್ಯೆಯೆಂದು ತೋರುವದಿಲ್ಲ. ಕೆರೆ ಒಡ್ಡುಗಳ ಕೆಲಸದಲ್ಲಿ ತಲತಲಾಂತರದಿಂದ ನುರಿತ ಮಣ್ಣಿನ ಕೆಲಸಗಾರರು ಗುಂಡಿ ತೋಡುವಾಗ ನಡುನಡುವೆ ಮಣ್ಣಿನ ಕಂಬಗಳನ್ನು ಅಗೆಯದೆ ಬಿಡುವರು. ಎಷ್ಟು ಆಳ ಅಗೆದರೆಂಬದಕ್ಕೆ ಅವೇ ಸಾಕ್ಷಿ, ಕೂಲಿಯ ಲೆಕ್ಕಕ್ಕೆ ಅವೇ ಆಧಾರ. ಪಂಡಿತನ ಸಾಕ್ಷಿಯೂ ಕೂಲಿಕಾರನ ಸಾಕ್ಷಿಯೂ ಒಂದೇ ಉಪಾಯದಿಂದ ಹುಟ್ಟಿದವು.

ಕಲ್ಲಿನ ಮಾತು ಎಲ್ಲಿ ನಿಲ್ಲುವದು, ಮಣ್ಣಿನ ಮಾತು ಎಲ್ಲಿ ಮೊದಲಾಗುವದು ಎಂಬದಕ್ಕೆ ಬನವಾಸಿಗಿಂತ ಒಳ್ಳೆಯ ನಿದರ್ಶನವಿಲ್ಲ. ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ನಾಗಶಿಲೆಯೊಂದುಂಟು. ಚುಟುಕುಲದ ರಾಜಕುಮಾರಿಯೊಬ್ಬಳು ನಾಗವನ್ನೂ ತಟಾಕವನ್ನೂ ವಿಹಾರವನ್ನೂ ಮಾಡಿಸಿದಳೆಂದು ಅದರ ಪ್ರಾಕೃತ ಲೇಖವು ತಿಳಿಸುವದು; ಶಿಲ್ಪಿ ನಟಕನ ಹೆಸರನ್ನೂ ಅದು ಮರೆಯದೆ ಹೇಳಿದೆ. ಮೂರು ದಾನಗಳಲ್ಲಿ ಕಲ್ಲಾಗಿದ್ದ ನಾಗವು ತಾನೇ ಉಳಿದು ತನ್ನ ಕಥೆಯನ್ನು ಹೇಳಿಕೊಂಡಿತು. ತಟಾಕದ, ವಿಹಾರದ ಕಥೆಯನ್ನು ಮಣ್ಣೇ ಹೇಳಬೇಕಾಯಿತು. ೧೯೭೦ರ ಸುಮಾರಿಗೆ ಮೈಸೂರು ವಿಶ್ವವಿದ್ಯಾನಿಲಯದವರು ಬನವಾಸಿಯಲ್ಲಿ ಉತ್ಖನನ ನಡೆಯಿಸಿದಾಗ ಗಜಪೃಷ್ಠಾಕಾರದ ಇಟ್ಟಿಗೆಯ ಕಟ್ಟಡಗಳ ತಳಹದಿಗಳು ಹೊರಬಿದ್ದವು. ವರದೆಯ ದಂಡೆಯ ಆ ಪಟ್ಟಣವು ಶಾತವಾಹನರ ಕಾಲದಿಂದಲೂ ಇಟ್ಟಿಗೆಯ ಪಟ್ಟಣವಾಗಿತ್ತೆಂಬದು ಆಗ ಸ್ಪಷ್ಟವಾಯಿತು. ಸಮೀಪದ ಗುಡ್ನಾಪುರದಲ್ಲಿ ಡಾ. ಬಿ. ಆರ್. ಗೋಪಾಲರು ಬೆಳಕಿಗೆ ತಂದ ಕದಂಬ ರವಿವರ್ಮನ ಸ್ತಂಭಶಾಸನವು ಕಾಮಜಿನಾಲಯದ ನಿರ್ಮಾಣವನ್ನು ಹೇಳಿತು. ಕೆರೆಯ ದಂಡೆಯಲ್ಲಿ ಅಗೆದಾಗ ಇಟ್ಟಿಗೆಯ ಕಟ್ಟಡಗಳ ತಳಗಳು ಕಂಡುಬಂದು ಆ ಶಾಸನದ ಪರಿಸರವು ಕಣ್ಣಿಗೆ ಕಟ್ಟಿತು.

ಬೆಳಗಾವಿಯ ದಕ್ಷಿಣಕ್ಕಿರುವ ವಡಗಾವಿ-ಮಾಧವಪುರದ ಹೊಲಗಳ ಕೆಳಗೂ ಒಂದು ಶಾತವಾಹನರ ಕಾಲದ ಪಟ್ಟಣವು ಮಲಗಿತ್ತು. ವೈದಿಕ ಯಜ್ಞವನ್ನು ಮಾಡಿದ ಬ್ರಾಹ್ಮಣನೊಬ್ಬನ ನೆನಪಿನ ಬ್ರಾಹ್ಮೀಲಿಪಿಯ ಕಂಬವು ಆ ಸ್ಥಳದ ಪ್ರಾಚೀನತೆಯನ್ನು ಸೂಚಿಸಿತ್ತು. ೧೯೭೦ರ ದಶಕದಲ್ಲಿ ಡಾ. ಅ. ಸುಂದರ ಅವರು ನಡೆಯಿಸಿದ ಉತ್ಖನನದಿಂದ ಅಲ್ಲಿಯ ಇಟ್ಟಿಗೆಯ ಮನೆಗಳು ಹೊರಬಂದವು. ಆ ಕಾಲದ ಇಟ್ಟಿಗೆಯು ಇಂದಿನ ಇಟ್ಟಿಗೆಯಂತೆ ಒಂದು ಕೈಯಲ್ಲಿ ಹಿಡಿಯುವಂಥದಲ್ಲ. ಒಂದಡಿಗೆ ಮೀರಿದ ಉದ್ದ, ಅದಕ್ಕೆ ತಕ್ಕ ಅಗಲ, ದಪ್ಪ ಮಾತ್ರ ಕಡಿಮೆ. ಉದ್ದ, ಅಗಲ, ದಪ್ಪ ಈ ಮೂರನ್ನು ಅಳೆದರೆ ಇಟ್ಟಿಗೆಯ ಕಾಲದ ವಿಷಯದಲ್ಲಿ ಮೊದಲ ಊಹೆಯನ್ನು ಮಾಡಬಹುದು. ಇದಕ್ಕೆ ಬೇಕಾದ ಉಪಕರಣವು ಒಂದು ಅಳತೆಪಟ್ಟಿ ಮಾತ್ರ.

ಧಾರವಾಡದ ಪಟ್ಟಣವೂ ಇಂತಹ ಮಣ್ಣಿನ ಪುಸ್ತಕದ ಮೇಲೆಯೇ ನಿಂತಿದೆ. ಧಾರವಾಡದ ಕೋಟೆಯು ಅಗಳುಗಳಿಂದ ಸುತ್ತುವರಿದ ಮಣ್ಣಿನ ಕೋಟೆಯಾಗಿತ್ತು. ೧೭೯೦ರಲ್ಲಿ ಪರಶುರಾಮಭಾವೂ ಪಟವರ್ಧನನ ಮರಾಠಾ ಸೈನ್ಯವೂ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿಯೂ ಕೂಡಿ ಅದನ್ನು ಮುತ್ತಿದಾಗ ಟಿಪ್ಪೂಸುಲ್ತಾನನ ಸರದಾರ ಬದ್ರುಜ್ಜಮಾನಖಾನನು ೧೭೯೧ರ ಏಪ್ರಿಲ್‌ವರೆಗೆ ಕೋಟೆಯನ್ನು ಕಾಯ್ದನು. ಕಲ್ಲಿನ ಗೋಡೆಯು ಗುಂಡು ತಗಲಿದಾಗ ಸಿಡಿಯುವದು. ಮಣ್ಣಿನ ಗೋಡೆಯು ಗುಂಡನ್ನು ನುಂಗುವದು. ಈಗ ಆ ಕೋಟೆಯ ಬಾಗಿಲೊಂದು ಉಳಿದಿದೆ, ‘ಕಿಲ್ಲಾ’ ಎಂಬ ಹೆಸರುಳಿದಿದೆ. ಹುಬ್ಬಳ್ಳಿಯಲ್ಲಿಯೂ ಹಾಗೆಯೇ, ಕೋಟೆಯ ನೆನಪು ‘ದುರ್ಗದಬೈಲು’ ಎಂಬ ಮಾತಿನಲ್ಲಿ ಸಂತೆಯ ಗದ್ದಲದ ನಡುವೆ ಜೀವಿಸಿದೆ. ಮುಚ್ಚಿದ ಅಗಳುಗಳ ಮೇಲೆ ಮನೆ ಅಂಗಡಿಗಳು ಏರಿದವು. ಹೊಸ ಮನೆಗೆ ತಳಪಾಯ ತೆಗೆಯುವಾಗ ಹೂಳೂ ಮಡಕೆಯ ಚೂರೂ ಬೆರೆತ ಕರಿಯ ಮಣ್ಣು ತಟ್ಟನೆ ಕಂಡರೆ ಅದು ಅಗಳಿನ ಹೊಟ್ಟೆಯಾಗಿರಬಹುದೆಂದು ತಿಳಿಯಬೇಕು.

೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಈ ಸೀಮೆಗೆ ಬಂದಿತು. ಹುಬ್ಬಳ್ಳಿಯಲ್ಲಿ ಅದರ ಕಾರಖಾನೆ, ಧಾರವಾಡದಲ್ಲಿ ಅದರ ಮುಖ್ಯ ಕಚೇರಿ. ೧೯೧೭ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜು ಮುಂದೆ ಅದೇ ಕಚೇರಿಯ ಕಟ್ಟಡದಲ್ಲಿ ನೆಲೆಸಿತು. ಹಳಿಗಳಿಗಾಗಿ ಎಬ್ಬಿಸಿದ ಮಣ್ಣಿನ ಏರಿಗಳ ಎರಡೂ ಬದಿಗೆ ಉದ್ದುದ್ದನೆಯ ತಗ್ಗುಗಳು ಬಿದ್ದವು. ಕೌಟಿಲ್ಯನ ವಪ್ರ ಪರಿಖೆಗಳ ನ್ಯಾಯವೇ ಇಲ್ಲಿಯೂ ನಡೆಯಿತು. ರೈಲಿನೊಡನೆ ಮನೆಯ ಮಾಡೂ ಬದಲಾಯಿತು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟನು ಮಂಗಳೂರಿನಲ್ಲಿ ಪ್ರಾರಂಭಿಸಿದ ಹಂಚಿನ ಉದ್ಯಮದಿಂದ ‘ಮಂಗಳೂರು ಹಂಚು’ ನಾಡೆಲ್ಲ ಹರಡಿತು. ಮಲೆನಾಡಿನ ಮಳೆ ತಾಗುವ ಧಾರವಾಡದಲ್ಲಿ ಹಂಚಿನ ಮಾಡು, ಮೂಡಲ ನವಲಗುಂದದ ಬಯಲಿನಲ್ಲಿ ಮಣ್ಣಿನ ಮಾಳಿಗೆ ಎಂಬ ಭೇದವನ್ನು ಹಳೆಯ ಮನೆಗಳಲ್ಲಿ ಇಂದಿಗೂ ಕಾಣಬಹುದು. ಹಳ್ಳಿಯ ಚಿಕ್ಕ ಭಟ್ಟಿಗಳ ಏಳುಬೀಳುಗಳ ಕಥೆಯು ಈ ದೊಡ್ಡ ಕಥೆಯ ಮಗ್ಗುಲಲ್ಲಿಯೇ ನಡೆದದ್ದು; ಅದನ್ನು ಬರೆದಿಡುವ ಕರಣಿಕನು ಮಾತ್ರ ಇರಲಿಲ್ಲ.

ಈಗ ಹಾನಿಯ ಮಾತು. ಊರು ಬಿಟ್ಟುಹೋದ ಹಾಳುದಿಬ್ಬದ ಮಣ್ಣು ಬೂದಿ ಗೊಬ್ಬರಗಳಿಂದ ಸತ್ತ್ವಯುತವಾಗಿರುವದರಿಂದ ಒಕ್ಕಲಿಗರು ಅದನ್ನು ಬಂಡಿಬಂಡಿಯಾಗಿ ಹೊಲಕ್ಕೆ ಹೇರುವದು ಬಹುಕಾಲದ ರೂಢಿ. ಮಾಳಿಗೆಯ ಮೇಲೆ ಹೊದಿಸಲಿಕ್ಕೂ ಹಾಳುಮಣ್ಣೇ ಬೇಕು. ಇದಕ್ಕೆ ಅವರನ್ನು ದೂಷಿಸಲಾಗದು; ಹೊಟ್ಟೆಯ ಪ್ರಶ್ನೆಯು ಚರಿತ್ರೆಯ ಪ್ರಶ್ನೆಗಿಂತ ಮೊದಲಿನದು. ತಿಳಿದವರೆನಿಸಿದವರೂ ಇದಕ್ಕಿಂತ ಹೆಚ್ಚಿನದನ್ನೇ ಮಾಡಿರುವರು. ೧೮೫೦ರ ದಶಕದಲ್ಲಿ ಲಾಹೋರ್-ಮುಲತಾನ ರೈಲುಮಾರ್ಗದ ಗುತ್ತಿಗೆದಾರರು ಹರಪ್ಪಾದ ದಿಬ್ಬಗಳ ಇಟ್ಟಿಗೆಗಳನ್ನು ಕಿತ್ತು ಹಳಿಗಳ ಕೆಳಗೆ ಹಾಸಿದರು. ೧೯೨೧ರಲ್ಲಿ ದಯಾರಾಮ ಸಾಹನಿಯವರು ಅಲ್ಲಿ ಅಗೆಯುವ ಹೊತ್ತಿಗೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಆ ನಗರದ ಬಹುಭಾಗವು ಪುಡಿಯಾಗಿತ್ತು. ಕಾಯಿದೆಯ ದೃಷ್ಟಿಯೂ ಬಹುಕಾಲ ಬಂಗಾರದ ಮೇಲೆಯೇ ಇತ್ತು. ೧೮೭೮ರ ನಿಧಿ ಕಾಯಿದೆಯಂತೆ ಭೂಮಿಯಲ್ಲಿ ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕಿದರೆ ಕಲೆಕ್ಟರನಿಗೆ ತಿಳಿಸತಕ್ಕದ್ದು. ಒಡೆದ ಇಟ್ಟಿಗೆಯನ್ನು ನಿಧಿಯೆಂದು ಯಾರು ಬಗೆದಾರು? ೧೯೫೮ರ ಕೇಂದ್ರ ಕಾಯಿದೆಯೂ ೧೯೬೧ರ ಕರ್ನಾಟಕದ ಕಾಯಿದೆಯೂ ಪ್ರಾಚೀನ ಸ್ಥಳಗಳಿಗೆ ರಕ್ಷಣೆಯನ್ನು ಕೊಟ್ಟಿವೆ. ಆದರೆ ಆ ರಕ್ಷಣೆಯು ಘೋಷಿತವಾದ ಸ್ಥಳಗಳಿಗೆ ದೊರೆಯುವದು. ಹೆಸರಿಲ್ಲದ ದಿಬ್ಬಕ್ಕೂ ಹೂತ ಅಗಳಿಗೂ ಊರವರ ಕಣ್ಣೇ ಕಾವಲು.

ಆ ಕಣ್ಣು ತೆರೆದಿದ್ದರೆ ಏನಾಗುವದೆಂಬದಕ್ಕೆ ಧಾರವಾಡ ಜಿಲ್ಲೆಯಲ್ಲಿಯೇ ಉದಾಹರಣೆಯುಂಟು. ೨೦೧೦ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿಗಾಗಿ ನೆಲವನ್ನು ತೋಡುತ್ತಿರುವಾಗ ಮನುಷ್ಯರ ತಲೆಬುರುಡೆಗಳು ಕಂಡವು. ಪುರಾತತ್ತ್ವಜ್ಞರು ಬಂದು ಮಣ್ಣನ್ನು ಬಿಡಿಸಿದಾಗ ನೂರಾರು ಬುರುಡೆಗಳು ಸಾಲುಸಾಲಾಗಿ ಜೋಡಿಸಲ್ಪಟ್ಟಿದ್ದವು. ಆ ಸಾಲೇ ಅಲ್ಲಿಯ ಮುಖ್ಯ ಸಾಕ್ಷಿ. ಯಾರೋ ಬೇಕೆಂದು, ಕೈಯಾರೆ ಅವನ್ನು ಇಟ್ಟರೆಂಬದನ್ನು ಅದು ಹೇಳಿತು. ಹಾರೆ ಸಲಿಕೆಗಳು ನಿಲ್ಲದೆ ನಡೆದಿದ್ದರೆ ಊರಿಗೆ ಉಳಿಯುತ್ತಿದ್ದದ್ದು ಒಂದು ಎಲುಬಿನ ರಾಶಿ.

ಹುಬ್ಬಳ್ಳಿ ಮತ್ತು ಧಾರವಾಡಗಳು ೧೯೬೨ರಲ್ಲಿ ಒಂದೇ ನಗರಸಭೆಯ ಆಡಳಿತಕ್ಕೆ ಬಂದ ಮೇಲೆ ಎರಡು ಊರುಗಳೂ ಒಂದರ ಕಡೆಗೊಂದು ಬೆಳೆದಿರುವವು. ಬೆಳೆಯುವ ಊರಿಗೆ ಇಟ್ಟಿಗೆ ಬೇಕು, ಇಟ್ಟಿಗೆಗೆ ಮಣ್ಣು ಬೇಕು, ಮನೆಗೆ ಹೊಲದ ನೆಲ ಬೇಕು. ಈ ಬೆಳವಣಿಗೆಯನ್ನು ತಡೆಯಬೇಕೆಂದು ವಿವೇಕಿಗಳು ಹೇಳಲಾರರು. ಅಗೆಯುವ ಮುನ್ನ ನೋಡಬೇಕು, ಕಂಡದ್ದನ್ನು ಬರೆದಿಡಬೇಕು ಎಂದಿಷ್ಟೇ ಕೇಳತಕ್ಕದ್ದು. ಹೊಲದ ಹೆಸರಿನಲ್ಲಿ ಕುಂಬಾರ, ಭಟ್ಟಿ, ಅಗಳು, ಹಾಳೂರು ಎಂಬ ಮಾತುಗಳಿದ್ದರೆ ಊರ ಹಿರಿಯರನ್ನು ಕೇಳಿ ಅವನ್ನು ಟಿಪ್ಪಣಿ ಮಾಡಿಕೊಳ್ಳಬೇಕು. ೧೮೪೦ರ ದಶಕದಲ್ಲಿ ವಿಂಗೇಟನ ಮೇಲ್ವಿಚಾರಣೆಯಲ್ಲಿ ಈ ಪ್ರಾಂತದಲ್ಲಿ ಮೊದಲಾದ ಭೂಮಾಪನದ ಪರಂಪರೆಯ ನಕಾಶೆಗಳನ್ನು ತೆರೆದು ಹೊಲದ ಗೆರೆಗಳನ್ನು ಹೋಲಿಸಬೇಕು. ಇಟ್ಟಿಗೆ ಕಂಡರೆ ಉದ್ದ, ಅಗಲ, ದಪ್ಪಗಳನ್ನು ಅಳೆದು, ಕಂಡ ಸ್ಥಳವನ್ನೂ ಆಳವನ್ನೂ ಬರೆದು, ಅದನ್ನು ಅಲ್ಲಿಯೇ ಬಿಟ್ಟು, ಧಾರವಾಡದಲ್ಲಿರುವ ಪುರಾತತ್ತ್ವ ಇಲಾಖೆಯವರಿಗೋ ವಿಶ್ವವಿದ್ಯಾಲಯದವರಿಗೋ ತಿಳಿಸಬೇಕು. ಇದು ಹಳ್ಳಿಯ ಶಾಲೆಯ ಮಕ್ಕಳಿಂದಲೂ ಆಗುವ ಕೆಲಸ. ತನ್ನ ಊರ ನೆಲದ ಕೆಳಗೆ ಏನಿದೆಯೆಂದು ಅಳೆದು ಬರೆದ ಬಾಲಕನು ಇತಿಹಾಸವೆಂದರೆ ದೂರದ ಅರಸರ ಕಥೆಯೆಂದು ಮುಂದೆಂದೂ ತಿಳಿಯಲಾರನು.

ಇಟ್ಟಿಗೆಯನ್ನು ತುಳಿದವರು, ಸುಟ್ಟವರು, ಅಗಳನ್ನು ತೋಡಿದವರು ತಮ್ಮ ಹೆಸರುಗಳನ್ನು ಎಲ್ಲಿಯೂ ಕೊರೆಯಿಸಲಿಲ್ಲ. ಕೆಲವೊಮ್ಮೆ ಹಸಿ ಇಟ್ಟಿಗೆಯ ಮೇಲೆ ಬೆರಳುಗಳ ಗುರುತು ಉಳಿದು, ಆವಿಗೆಯ ಬೆಂಕಿಯಲ್ಲಿ ಶಾಶ್ವತವಾಗಿರುವದು. ಅವರು ಬಿಟ್ಟುಹೋದ ರುಜು ಅಷ್ಟೇ. ಅದನ್ನು ಇದ್ದಲ್ಲಿಯೇ ಗುರುತಿಸಿ ಓದುವ ಹೊಣೆಯು ಆ ನೆಲದ ಮೇಲೆ ಬಾಳುವವರದು.